ಗುಳೆ ಹೋದವರ ಗುಳಿಗೆ ಲೆಕ್ಕ

ದಂಡೋತಿಯಲ್ಲಿ ನಮ್ಮ ಓಣಿಯ ಕಾಕಾ ಒಬ್ಬರಿಗೆ ಕ್ಷಯ ಬಂದಿತ್ತು. ಎರಡು ತಿಂಗಳು ಗುಳಿಗೆ ನುಂಗಿದರು. ಕೆಮ್ಮು ನಿಂತಿತು, ಹಸಿವು ಹುಟ್ಟಿತು. "ಆರಾಮ ಆಗ್ಯಾದ ತಮ್ಮಾ, ಇನ್ಯಾಕ ಗುಳಿಗಿ?" ಅಂದವರೇ ಕೆಲಸಕ್ಕೆ ಪುಣೆಗೆ ಹೊರಟರು. ಬೆಂಗಳೂರಿನಲ್ಲಿ ಕೂತಿದ್ದ ನಾನು ಫೋನಿನಲ್ಲಿ "ಹೂಂ ಕಾಕಾ" ಅಂದುಬಿಟ್ಟೆ.

ತಮಾಷೆ ಅಂದ್ರೆ, ನನ್ನ ಕೆಲಸವೇ ಇಂಥ ಲೆಕ್ಕ. ಆ್ಯಪ್ ಬಳಸುವವರು ಎಷ್ಟು ದಿನ ಉಳಿಯುತ್ತಾರೆ, ಯಾವಾಗ ಬಿಟ್ಟುಹೋಗುತ್ತಾರೆ ಅಂತ ನೋಡೋದು. ಆಸ್ಪತ್ರೆಗಳಲ್ಲಿ ರೋಗಿಗಳು ಎಷ್ಟು ಕಾಲ ಬದುಕುಳಿಯುತ್ತಾರೆ ಎಂದು ಅಂದಾಜಿಸುವುದೂ ಇದೇ ವಿಧಾನದಿಂದ. ಅಮೆರಿಕದ ಎಡ್ವರ್ಡ್ ಕ್ಯಾಪ್ಲಾನ್ ಮತ್ತು ಪಾಲ್ ಮೇಯರ್ 1958ರಲ್ಲಿ ಇದನ್ನು ಪ್ರಕಟಿಸಿದರು.

ಒಂದು ಉದಾಹರಣೆ ನೋಡಿ. ಹತ್ತು ಜನ ಚಿಕಿತ್ಸೆ ಶುರು ಮಾಡಿದರು ಅಂದುಕೊಳ್ಳಿ. ಎರಡನೇ ತಿಂಗಳು ಒಬ್ಬರು ತೀರಿಹೋದರು. ಉಳಿದದ್ದು 10ರಲ್ಲಿ 9. ಮೂರನೇ ತಿಂಗಳು ಮೂವರು ಊರು ಬಿಟ್ಟರು, ಸುದ್ದಿಯೇ ಇಲ್ಲ. ಈಗ ಕಣ್ಣೆದುರು ಇರುವವರು ಆರು ಜನ. ಐದನೇ ತಿಂಗಳು ಅವರಲ್ಲೊಬ್ಬರು ಹೋದರು, 6ರಲ್ಲಿ 5. ಎರಡೂ ಭಿನ್ನರಾಶಿಗಳನ್ನು ಗುಣಿಸಿದರೆ ಶೇ 75 ಬರುತ್ತದೆ. ಅಂದರೆ ಬದುಕುಳಿಯುವ ಸಾಧ್ಯತೆ ಅಷ್ಟು.

ಊರು ಬಿಟ್ಟ ಆ ಮೂವರನ್ನು ಈ ಲೆಕ್ಕ ಸತ್ತವರೆಂದೂ ಹೇಳಲ್ಲ, ಬದುಕಿದವರೆಂದೂ ಹೇಳಲ್ಲ. ಇದ್ದಷ್ಟು ದಿನ ಎಣಿಸಿ, ಆಮೇಲೆ ಗೌರವದಿಂದ ಬದಿಗಿಡುತ್ತದೆ. ಆದರೆ ಅದರೊಳಗೊಂದು ನಂಬಿಕೆ ಅಡಗಿದೆ: ಹೋದವರ ಗತಿಯೂ ಇದ್ದವರ ಹಾಗೇ ಇರುತ್ತದೆ ಅಂತ. ಮೂವರೂ ಬದುಕಿದ್ದರೆ ನಿಜವಾದ ಅಂಕಿ ಶೇ 80, ಮೂವರೂ ತೀರಿಹೋಗಿದ್ದರೆ ಶೇ 50.

ಆ್ಯಪ್ ಬಿಟ್ಟವನಿಗೆ ಏನೂ ಆಗಲ್ಲ. ಕ್ಷಯದ ಗುಳಿಗೆ ಬಿಟ್ಟವರ ಕಥೆ ಬೇರೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ ಸುತ್ತಲಿನ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿತು. ಆಗ ಅಲ್ಲಿ ವ್ಯವಸ್ಥಿತ ಚಿಕಿತ್ಸೆ ಇರಲಿಲ್ಲ. ಮೊದಲ ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳಲ್ಲಿ ಐದು ವರ್ಷದ ನಂತರ ಸುಮಾರು ಅರ್ಧದಷ್ಟು ಮಂದಿ ತೀರಿಹೋಗಿದ್ದರು. ಮೂರನೇ ಒಂದು ಭಾಗದಷ್ಟು ಜನ ತಾವಾಗಿಯೇ ಗುಣವಾಗಿದ್ದರು. ಉಳಿದವರ ಕಫದಲ್ಲಿ ರೋಗಾಣು ಇನ್ನೂ ಇತ್ತು.

ಮಾಮೂಲಿ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು. ಮೊದಲ ಹಂತದಲ್ಲಿ ಬಹುಪಾಲು ರೋಗಾಣು ಸಾಯುತ್ತವೆ, ಹಾಗಾಗಿ 'ಆರಾಮ' ಅನ್ನಿಸುತ್ತದೆ. ಅಡಗಿ ಕೂತವನ್ನು ಮುಗಿಸೋದು ಉಳಿದ ನಾಲ್ಕು ತಿಂಗಳು. ನಡುವೆ ಬಿಟ್ಟರೆ ರೋಗ ಮರಳಬಹುದು, ಔಷಧಕ್ಕೆ ಬಗ್ಗದಂತೆಯೂ ಆಗಬಹುದು.

ತಟ್ಟೆಯ ಊಟವೂ ಈ ಲೆಕ್ಕದಲ್ಲಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ 2,800 ರೋಗಿಗಳಿಗೆ ಔಷಧದ ಜೊತೆ ಪ್ರತಿ ತಿಂಗಳೂ ಆಹಾರದ ಕಿಟ್ ಕೊಟ್ಟು ಗಮನಿಸಿದರು. ಮೊದಲೆರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ರೋಗಿಯ ಖಾತೆಗೆ ಹಾಕುವ ಹಣವನ್ನು 2024ರ ನವೆಂಬರ್‌ನಲ್ಲಿ ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿಸಿತು.

ನಮ್ಮ ಕಡೆಯವರು ಪುಣೆ, ಮುಂಬೈ, ಹೈದರಾಬಾದ್ ಅಂತ ಗುಳೆ ಹೋಗೋದು ತಪ್ಪಲ್ಲ, ತಪ್ಪೋದೂ ಇಲ್ಲ. ಆದರೆ ಗುಳಿಗೆ ಅವರ ಹಿಂದೆಯೇ ಹೋಗಬಹುದು. ಪ್ರತಿ ರೋಗಿಗೂ ನಿಕ್ಷಯ್ ಐಡಿ ಇರುತ್ತದೆ. ಹೊರಡುವ ಮೊದಲು ಆಸ್ಪತ್ರೆಗೆ ತಿಳಿಸಿದರೆ ಹೋದ ಊರಿನ ಸರ್ಕಾರಿ ಆಸ್ಪತ್ರೆಗೆ ಚಿಕಿತ್ಸೆ ವರ್ಗಾಯಿಸುತ್ತಾರೆ. ಔಷಧಕ್ಕೆ ದುಡ್ಡಿಲ್ಲ.

ಇದನ್ನೇ ನಾನು ಅವತ್ತು ಫೋನಿನಲ್ಲಿ ಹೇಳಬೇಕಿತ್ತು. ಏಳು ತಿಂಗಳಾದ ಮೇಲೆ ಕಾಕಾ ಅದೇ ಕೆಮ್ಮಿನೊಂದಿಗೆ, ಅರ್ಧ ಆಳಾಗಿ ವಾಪಸ್ ಬಂದರು. ಮತ್ತೆ ಕಫ ಪರೀಕ್ಷೆ, ಮತ್ತೆ ಮೊದಲಿಂದ ಗುಳಿಗೆ. ಪುಣ್ಯಕ್ಕೆ ಔಷಧ ಇನ್ನೂ ನಾಟುತ್ತಿದೆ.

ಈಗ ನಾಲ್ಕನೇ ತಿಂಗಳು. ಭಾನುವಾರ ಫೋನ್ ಮಾಡಿ ಮೊದಲು ತೂಕ ಕೇಳ್ತೀನಿ. "ಎಷ್ಟ್ ಲೆಕ್ಕಾ ಕೇಳ್ತಿಯೋ ಮಾರಾಯ" ಅಂತ ಬೈತಾರೆ, ಆಮೇಲೆ ಹೇಳ್ತಾರೆ. ನಿಮ್ಮ ಮನೆಯವರಲ್ಲೂ ಯಾರಾದರೂ "ಆರಾಮ ಆಗ್ಯಾದ" ಅಂದರೆ, ಎಷ್ಟನೇ ತಿಂಗಳು ಅಂತ ಒಮ್ಮೆ ಕೇಳಿ.