ದುಆ ಯಾವ ಭಾಷೆಯಲ್ಲಿ ಮಾಡಬೇಕು?

"ಉಸ್ತಾದರೇ, ನಮಗೆ ಅರಬಿ ಬರುವುದಿಲ್ಲ. ಬ್ಯಾರಿಯಲ್ಲಿ ಕೇಳಿದ್ರೆ ದುಆ ಆಗ್ತದಾ?" ಮದ್ರಸದಲ್ಲಿರುವ ನಮ್ಮಂಥವರಿಗೆ ಈ ಪ್ರಶ್ನೆ ಹೊಸದಲ್ಲ. ಕೇಳುವವರಲ್ಲಿ ತಾಯಂದಿರೇ ಹೆಚ್ಚು. ಈಗ ಗಲ್ಫಿನಿಂದ ರಜೆಗೆ ಬರುವ ಮಕ್ಕಳು "ಇಂಗ್ಲಿಷಲ್ಲಿ ಕೇಳಬಹುದಾ?" ಅಂತಲೂ ಕೇಳ್ತಾರೆ. ಇದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ದುಆ ಮಾಡುವ ಕೆಲಸವನ್ನೇ ಉಸ್ತಾದರಿಗೆ ವಹಿಸಿ, ಆಮೀನ್ ಹೇಳುವುದಕ್ಕೆ ಮಾತ್ರ ನಾವು ಉಳಿದುಬಿಡುತ್ತೇವೆ.

ಮೊದಲು ನಮಾಝಿನ ಒಳಗೆ ಮತ್ತು ಹೊರಗೆ ಅಂತ ಬೇರೆ ಮಾಡಿಕೊಳ್ಳೋಣ. ನಾವು ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ ಫಾತಿಹಾವನ್ನು ಅನುವಾದದಲ್ಲಿ ಓದಿದರೆ ಸಾಕಾಗುವುದಿಲ್ಲ. ಅರಬಿಯಲ್ಲಿ ಹೇಳಲು ಶಕ್ತರಾದವರು ನಮಾಝಿನೊಳಗಿನ ದುಆಗಳನ್ನೂ ಅರಬಿಯಲ್ಲೇ ಹೇಳಬೇಕು. ಸುಜೂದಿನಲ್ಲಿ ಸ್ವಂತವಾಗಿ ಬ್ಯಾರಿಯಲ್ಲೋ ಇಂಗ್ಲಿಷಿನಲ್ಲೋ ದುಆ ಕಟ್ಟಿ ಹೇಳಿದರೆ ನಮಾಝೇ ಬಾತಿಲ್ ಆಗ್ತದೆ. ಇದರಲ್ಲಿ ಸಡಿಲಿಕೆ ಬೇಡ.

ಆದರೆ ಸಲಾಂ ಹೇಳಿದ ಮೇಲೆ ಬಾಗಿಲು ವಿಶಾಲ ಉಂಟು. ಕೈಯೆತ್ತಿ ಯಾವ ಭಾಷೆಯಲ್ಲಿ ಬೇಕಾದರೂ ಕೇಳಬಹುದು. ಪ್ರತಿಯೊಬ್ಬ ಪ್ರವಾದಿಯನ್ನೂ ಅವರ ಜನರ ಭಾಷೆಯಲ್ಲೇ ಕಳುಹಿಸಲಾಗಿದೆ ಎಂದು ಸೂರಾ ಇಬ್ರಾಹೀಮಿನ 4ನೇ ಆಯತ್ ತಿಳಿಸುತ್ತದೆ. ಮೂಸಾ ನಬಿ, ಝಕರಿಯ್ಯಾ ನಬಿಯವರು ಕೇಳಿದ್ದು ತಮ್ಮ ಭಾಷೆಯಲ್ಲಿ. ಕುರ್‌ಆನ್ ಅದನ್ನು ನಮಗೆ ಅರಬಿಯಲ್ಲಿ ತಲುಪಿಸಿತು. ಮುಪ್ಪಿನಲ್ಲಿ ಮಗುವಿಗಾಗಿ ಝಕರಿಯ್ಯಾ ನಬಿ ಕೇಳಿದ್ದು ಮೆಲುದನಿಯಲ್ಲಿ, ತನ್ನ ಮೂಳೆ ಸವೆದ ಕಥೆಯನ್ನೂ ಹೇಳಿಕೊಂಡು.

ಅಬೂದಾವೂದಿನಲ್ಲಿ ಒಂದು ಹದೀಸ್ ಇದೆ. ನಮಾಝಿನಲ್ಲಿ ಏನು ಕೇಳುತ್ತೀರಿ ಎಂದು ಪ್ರವಾದಿ (ಸ) ಒಬ್ಬರಲ್ಲಿ ವಿಚಾರಿಸಿದರು. ತಾನು ಸ್ವರ್ಗ ಕೇಳುತ್ತೇನೆ, ನರಕದಿಂದ ರಕ್ಷಣೆ ಬೇಡುತ್ತೇನೆ, ನಿಮ್ಮ ಹಾಗೂ ಮುಆದ್‌ರ ಹಾಗೆ ಚೆನ್ನಾಗಿ ಹೇಳಲು ಬರುವುದಿಲ್ಲ ಎಂದರು ಆ ವ್ಯಕ್ತಿ. ನಾವೂ ಅದರ ಸುತ್ತವೇ ಕೇಳುವುದು ಎಂಬುದು ಪ್ರವಾದಿಯವರ (ಸ) ಉತ್ತರ. ಆ ಸಹಾಬಿ ಅರಬರೇ. ಅವರಿಗೂ ಮಾತು ಸಾಲದು ಅನ್ನುವ ಅಳುಕು ಇತ್ತು!

ಹಾಗಾದರೆ ಅರಬಿ ಯಾಕೆ ಕಲಿಯಬೇಕು? ಕುರ್‌ಆನ್, ಹದೀಸಿನಲ್ಲಿ ಬಂದ ದುಆಗಳಿಗೆ ಸರಿಸಾಟಿ ಇಲ್ಲ. "ರಬ್ಬನಾ ಆತಿನಾ" ಒಂದರಲ್ಲೇ ಇಹದ ಒಳಿತು, ಪರದ ಒಳಿತು, ನರಕದಿಂದ ರಕ್ಷಣೆ ಮೂರೂ ಇವೆ. ನಾವೇ ಕಟ್ಟಿದರೆ ಇಷ್ಟು ಅಡಕವಾಗಿ ಬರಲಿಕ್ಕಿಲ್ಲ. ಆದರೆ ಕನ್ನಡ ಅಥವಾ ಇಂಗ್ಲಿಷ್ ಅಕ್ಷರ ನೋಡಿ ಓದುವಾಗ ಜಾಗ್ರತೆ ಬೇಕು. ಅರಬಿಯಲ್ಲಿ ಗಂಟಲಿನ 'ಕಾಫ್' ಇದ್ದರೆ 'ಕಲ್ಬ್' ಅಂದರೆ ಹೃದಯ. ಸಾದಾ 'ಕಾಫ್' ಆದರೆ ನಾಯಿ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಆದ್ದರಿಂದ ಉಚ್ಚಾರವನ್ನು ಉಸ್ತಾದರ ಬಾಯಿಂದಲೇ ಕಲಿಯಬೇಕು.

ಅರ್ಥವನ್ನು ಮಾತ್ರ ಮನೆಯ ಭಾಷೆಯಲ್ಲಿ ಹೇಳಿಕೊಡಬೇಕು. ವಾರಕ್ಕೊಂದು ದುಆ ಸಾಕು. ಮಗ್ರಿಬ್ ಆದ ಮೇಲೆ ತಾಯಿಯೋ ತಂದೆಯೋ ಮಕ್ಕಳನ್ನು ಕೂರಿಸಿ ಅರಬಿಯಲ್ಲಿ ಒಮ್ಮೆ, ಬ್ಯಾರಿಯಲ್ಲಿ ಅದರ ಅರ್ಥ ಒಮ್ಮೆ ಹೇಳಲಿ. ಇಂಗ್ಲಿಷ್ ಮಾತ್ರ ಸಲೀಸಾದ ಮಗುವಿಗೆ ಇಂಗ್ಲಿಷಿನಲ್ಲೇ ಹೇಳಿ, ತೊಂದರೆಯಿಲ್ಲ. ಕೊನೆಗೆ "ನಿನಗೇನು ಬೇಕು, ಈಗ ನೀನೇ ಕೇಳು" ಅಂತ ಬಿಟ್ಟುಬಿಡಿ. ಪರೀಕ್ಷೆಯ ಭಯ, ಅಜ್ಜಿಯ ಮಂಡಿನೋವು ಎಲ್ಲವನ್ನೂ ಅದು ಕೇಳಲಿ.

ಜ್ವರದ ಮಗುವಿನ ಪಕ್ಕ ರಾತ್ರಿಯಿಡೀ ಎಚ್ಚರವಿರುವ ತಾಯಿ ಕಿತಾಬ್ ಹುಡುಕುತ್ತಾ ಕೂರಬೇಕಾಗಿಲ್ಲ. "ಅಲ್ಲಾಹ್" ಎಂದು ಕರೆದು ತನಗೆ ಬರುವ ಮಾತಿನಲ್ಲಿ ಕೇಳಿದರೆ ಸಾಕು, ಅದೂ ದುಆವೇ. ಅರ್ಥ ತಿಳಿದು ಕೇಳುವ ತೌಫೀಕನ್ನು ಅಲ್ಲಾಹು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.