ಸಂಶಯಕ್ಕೂ ಆಧಾರ ಬೇಕು

ಮಹಾರಾಷ್ಟ್ರದ ಗಡಿಗಂಟಿದ ಔರಾದ್, ಭಾಲ್ಕಿಗಳಿಂದ ಬೀದರ್‌ನ ಕಾಲೇಜುಗಳಿಗೆ ಬೈಕಿನಲ್ಲಿ ಬರುವ ಹುಡುಗರಿಗೆ ಪೊಲೀಸರ ತಪಾಸಣೆ ಹೊಸದಲ್ಲ. ಲೈಸೆನ್ಸ್, ಆರ್.ಸಿ. ಕೇಳಿದರೆ ತೋರಿಸಲೇಬೇಕು. ಆದರೆ ವಾರಂಟಿಲ್ಲದೆ ಗಾಡಿ ಜಾಲಾಡಲು ಬರೀ ಗುಮಾನಿ ಸಾಕೆ?

ಸಾಲದು. ಕರ್ನಾಟಕದ ಅಬಕಾರಿ ಇನ್‌ಸ್ಪೆಕ್ಟರ್ ಒಬ್ಬರು ಕಾರು ಶೋಧಿಸಿ ಮದ್ಯ ಹಿಡಿದರು. ಆರೋಪಿಗೆ ಶಿಕ್ಷೆಯೂ ಆಯಿತು. ಆದರೆ ಶೋಧಕ್ಕೆ ಮುನ್ನ ತಮ್ಮ ಸಂಶಯಕ್ಕೆ ಆಧಾರವೇನೆಂದು ಅವರು ಬರೆದಿಟ್ಟಿರಲಿಲ್ಲ. ರಾಜ್ಯದ ಅಬಕಾರಿ ಕಾಯ್ದೆಯ 54ನೇ ಕಲಮಿನಂತೆ ಅದು ಕಡ್ಡಾಯ. 1979ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನೇ ರದ್ದುಮಾಡಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಶೋಧ, ಜಪ್ತಿಯ ವಿಡಿಯೊ ಚಿತ್ರೀಕರಣವೂ ಆಗಬೇಕು.

ಪೊಲೀಸರನ್ನು ಕಂಡು ಗಾಡಿ ತಿರುಗಿಸಿ ಓಡುವ ಹುಡುಗ ಇಲ್ಲದ ಸಂಶಯಕ್ಕೆ ತಾನೇ ಆಧಾರ ಒದಗಿಸುತ್ತಾನೆ. ನಿಂತು, ವಿನಯದಿಂದ ಕಾರಣ ಕೇಳುವುದು ಉದ್ಧಟತನವೇನಲ್ಲ. ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾದವರು ತಂದೆತಾಯಿ.