ಮನೆತನದ ವ್ಯಾಧಿ ಶಾಪವಲ್ಲ



ಹಟ್ಟಿಯ ಗಣಿಯನ್ನು ಬಲ್ಲವರಿಗೆ ಈ ಸಂಗತಿ ಗೊತ್ತು: ಅದಿರನ್ನು ಅರೆದು ಚಿನ್ನ ತೆಗೆದರೆ ಸಾಲದು, ಉಳಿದ ಪುಡಿಮಣ್ಣನ್ನು ನಿತ್ಯವೂ ಹೊರಗೆ ಸಾಗಿಸಬೇಕು. ನಮ್ಮ ಮೆದುಳಿನ ಜೀವಕೋಶಗಳಲ್ಲಿಯೂ ಇಂತಹದೇ ಕಾಯಕ ನಡೆದಿರುತ್ತದೆ. ಕೋಶವು ತಯಾರಿಸುವ ಪ್ರತಿಯೊಂದು ಪ್ರೋಟೀನು ತನ್ನ ಕ್ರಮದಲ್ಲಿ ಮಡಿಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ಮಡಿಚಲು ನೆರವಾಗುವ ಸಹಾಯಕ ಪ್ರೋಟೀನುಗಳಿವೆ. ಕೆಟ್ಟುದನ್ನು ಒಡೆದು ವಿಲೇವಾರಿ ಮಾಡುವ ವ್ಯವಸ್ಥೆಯೂ ಇದೆ.

ಹಂಟಿಂಗ್ಟನ್ ರೋಗದಲ್ಲಿ ಈ ಕಾಯಕವೇ ಕೆಡುತ್ತದೆ. ಅಮೆರಿಕದ ವೈದ್ಯ ಜಾರ್ಜ್ ಹಂಟಿಂಗ್ಟನ್ 1872ರಲ್ಲಿ ವರ್ಣಿಸಿದ ಈ ರೋಗದ ಜೀನು 1993ರಲ್ಲಿ ಪತ್ತೆಯಾಯಿತು. ಅದರಲ್ಲಿ ಸಿಎಜಿ ಎಂಬ ಮೂರಕ್ಷರವು ಮರಳಿ ಮರಳಿ ಬರುತ್ತದೆ. 26 ಸಲದವರೆಗೆ ಬಾಧೆಯಿಲ್ಲ. 40 ಅಥವಾ ಹೆಚ್ಚಾದರೆ ರೋಗ ಬರುವುದು ಖಚಿತ. ಆಗ ಹುಟ್ಟುವ ಉದ್ದನೆಯ ಪ್ರೋಟೀನು ತಪ್ಪಾಗಿ ಮಡಿಚಿ, ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಯೌವನದಲ್ಲಿ ಕೋಶವು ಹೇಗೋ ನಿಭಾಯಿಸುತ್ತದೆ, ವಯಸ್ಸಾದಂತೆ ಸೋಲುತ್ತದೆ. ಆದುದರಿಂದಲೇ ಹೆಚ್ಚಿನವರಲ್ಲಿ 30ರಿಂದ 50ರ ವಯಸ್ಸಿನಲ್ಲಿ ಕೈಕಾಲುಗಳು ತಾವಾಗಿಯೇ ಕುಣಿದಾಡತೊಡಗುತ್ತವೆ. ಸಿಟ್ಟು, ಖಿನ್ನತೆ, ಬುದ್ಧಿಮಂದತೆಗಳು ಕೂಡಿಕೊಳ್ಳುತ್ತವೆ. ನಡಿಗೆ ತೂರಾಡುವುದನ್ನು ಕಂಡ ಜನರು ಕುಡುಕನೆಂದು ಜರೆಯುತ್ತಾರೆ. ಮನೆಯವರು ದೈವದ ಶಾಪವೆಂದು ಮುಚ್ಚಿಡುತ್ತಾರೆ. ಎರಡೂ ಅನ್ಯಾಯವೇ.

ತಂದೆ ಅಥವಾ ತಾಯಿಗೆ ಈ ರೋಗವಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧದಷ್ಟು. ಹಿರಿಯನಿಗೆ ಬಂತು, ಕಿರಿಯನಿಗೆ ಬಾರದು ಎಂಬ ಲೆಕ್ಕ ನಡೆಯದು. ದೋಷವುಳ್ಳ ಒಂದೇ ಪ್ರತಿ ಸಾಕಾಗುವುದರಿಂದ ಸೋದರಸಂಬಂಧದ ಮದುವೆಯನ್ನು ದೂರುವುದೂ ಸಲ್ಲದು. ಆ ಜೀನನ್ನು ಪಡೆಯದ ಮಗನಾಗಲಿ ಮಗಳಾಗಲಿ ಮುಂದಿನವರಿಗೆ ಅದನ್ನು ದಾಟಿಸುವುದಿಲ್ಲ.

ತಂದೆತಾಯಿಯರ ಶುಕ್ರ-ಶೋಣಿತಗಳಿಂದ ಬರುವ ವ್ಯಾಧಿಗಳನ್ನು ಸುಶ್ರುತಾಚಾರ್ಯರು ಆದಿಬಲಪ್ರವೃತ್ತವೆಂದು ಬೇರೆಯಾಗಿಯೇ ಎಣಿಸಿದ್ದಾರೆ. ಆದರೆ ಹಂಟಿಂಗ್ಟನ್ ರೋಗವನ್ನು ಬೇರುಸಹಿತ ಕೀಳುವ ಔಷಧವು ನಮ್ಮ ಆಯುರ್ವೇದದಲ್ಲಿಯೂ ಇಲ್ಲ, ಆಧುನಿಕ ವೈದ್ಯದಲ್ಲಿಯೂ ಇಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ. ಇದೆ ಎನ್ನುವವರ ಮಾತಿಗೆ ಹೊಲ ಮಾರಬೇಡಿರಿ.

ಮಾಡಬೇಕಾದುದು ಬಹಳವಿದೆ. ಅಂಗಚಲನೆ, ಖಿನ್ನತೆಗಳನ್ನು ತಗ್ಗಿಸುವ ಔಷಧಗಳಿವೆ. ತೂಕ ಇಳಿಯುವುದರಿಂದ ತುಪ್ಪ, ಹಾಲು ಸೇರಿದ ಪುಷ್ಟಿಯ ಆಹಾರವನ್ನು ಮೆತ್ತಗೆ ಮಾಡಿ, ನೆಟ್ಟಗೆ ಕೂರಿಸಿ, ಸಾವಕಾಶವಾಗಿ ಉಣಿಸಿರಿ. ನುಂಗುವಾಗ ಶ್ವಾಸನಾಳಕ್ಕೆ ಹೋಗುವ ಅಪಾಯವುಂಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಜೀನು ಪರೀಕ್ಷೆಯೂ ಆಪ್ತಸಮಾಲೋಚನೆಯೂ ದೊರೆಯುತ್ತವೆ. ಲಕ್ಷಣವಿಲ್ಲದ ಮಕ್ಕಳಿಗೆ 18 ತುಂಬುವವರೆಗೆ ಪರೀಕ್ಷೆ ಮಾಡಿಸಲಾಗದು. ಅನಂತರವೂ ಅದು ಅವರದೇ ನಿರ್ಧಾರ.

ಕೈ ನಡೆಯದವನಿಗೆ ತುತ್ತುಣಿಸುವುದೂ ದಾಸೋಹವೇ. ಅಂತಹ ಮನೆಯಿಂದ ದೂರ ಸರಿಯದೆ, ಅದರ ಬಾಗಿಲಿಗೆ ಹೋಗೋಣ.